ಹುಣಸೆಯಿಲ್ಲದ ಕೆಸುವಿನ ಸೊಪ್ಪು

ಚನ್ನಪಟ್ಟಣ
೨೦ನೇ ಮೇ ೧೯೩೫

ಪ್ರಿಯ ಮಂಗಳಗೌರಿಗೆ,

ಈ ಕಾಗದದ ಉದ್ದೇಶ ಖಚಿತವಾದದ್ದು. ರಜೆಗೆಂದು ಕೊಟ್ಟಿದ್ದ ರಸಾಯನಶಾಸ್ತ್ರದ ಲೆಕ್ಕದಲ್ಲಿ ನಿನ್ನ ಉತ್ತರ ಸರಿ, ನನ್ನದು ತಪ್ಪು ಎಂದು ಒಪ್ಪಿಕೊಳ್ಳುವುದು. ಮತ್ತು ಇದರೊಳಗೆ ಮಡಿಸಿಟ್ಟಿರುವ ಅರ್ಜಿಗೆ ನಿನ್ನ ಸಹಿ ಪಡೆಯುವುದು. ಅದು ಜೂನ್ ಐದರೊಳಗೆ ಕಾಲೇಜಿಗೆ ತಲುಪದಿದ್ದರೆ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ನಿನ್ನ ಜಾಗ ಉಳಿಯುವುದಿಲ್ಲ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ತಡಮಾಡಿದ್ದಕ್ಕೆ ಕ್ಷಮಿಸು. ಬರೆಯಲು ಪುರುಸೊತ್ತಿತ್ತು, ಅಭಿಮಾನ ಅಡ್ಡ ಬಂತು. ತರಗತಿಗೆ ಮೊದಲಿಗಳಾದ ನಾನು, ಮದುವೆಯಾಗಿ ಎರಡು ತಿಂಗಳಿಂದ ಮಾಗಡಿಯಲ್ಲಿ ಸಂಸಾರ ಹೂಡಿರುವ ಗೆಳತಿಗೆ ಸೋತೆನೆಂದು ಬರೆಯುವುದು ಸುಲಭವೇ?

ಕ್ಯಾಲ್ಸಿಯಂ ಆಕ್ಸಲೇಟ್ ಲವಣವು, ಆಮ್ಲತೆ ಅಲುಗದಂತೆ ಕಾಯ್ದುಕೊಂಡಿರುವ ಬಫರ್ ದ್ರಾವಣದಲ್ಲಿ ಎಷ್ಟು ಕರಗುತ್ತದೆ ಎಂಬುದಲ್ಲವೇ ಪ್ರಶ್ನೆ? ನಾನು ಕರಗುವಿಕೆಯ ಗುಣಲಬ್ಧಕ್ಕೆ ವರ್ಗಮೂಲ ತೆಗೆದು, ನೀರಿನಲ್ಲಿ ಎಷ್ಟೋ ಬಫರಿನಲ್ಲೂ ಅಷ್ಟೇ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಸುವಿನ ಎಲೆಯಲ್ಲಿ ಗಂಟಲು ಕೆರೆಯಿಸುವ ಸೂಜಿಗಳು ಇದೇ ಲವಣದವು. ಹಾಗಾದರೆ ಹುಣಸೆಹುಳಿ ಹಾಕಿದರೂ ಒಂದೇ, ಬಿಟ್ಟರೂ ಒಂದೇ ಎಂದು ತೀರ್ಮಾನಿಸಿ, ಬಾವಿಯ ಬದಿಯ ಕೆಸುವನ್ನು ಕೊಯ್ದು ನಾನೇ ಅಡುಗೆ ಮಾಡಿದೆ.

ಮೊದಲ ತುತ್ತಿಗೇ ಗವಿಸಿದ್ದಯ್ಯ ಚಿಕ್ಕಪ್ಪ ಗಂಟಲು ಹಿಡಿದುಕೊಂಡರು. "ಏನವ್ವಾ ಇದು! ಗಂಟ್ಲೊಳ್ಗೆ ಸೂಜಿ ಅಂಗ್ಡಿ ಇಕ್ಬುಟ್ಟಂಗೈತೆ!"

ಅಜ್ಜಿ ಒಂದು ಎಸಳು ಬಾಯಿಗೆ ಹಾಕಿ ಉಗುಳಿದರು. "ಹುಣ್ಸೆಹಣ್ಣು ಹಾಕಿಲ್ವೇನೇ?"

"ಹಾಕಬೇಕಾಗಿಲ್ಲ ಅಜ್ಜಿ. ಲೆಕ್ಕ ಮಾಡಿ ನೋಡಿದ್ದೀನಿ."

"ಲೆಕ್ಕಾನ ನಿನ್ ನಾಲ್ಗೆ ಮ್ಯಾಲೆ ಇಕ್ಕೊಂಡ್ ನೋಡು ಮತ್ತೆ! ಕ್ಲಾಸ್ಗೇ ಮೊದ್ಲಂತೆ, ಕ್ಲಾಸ್ಗೆ!"

ಮಾತು ಉಳಿಸಿಕೊಳ್ಳಲು ನಾನು ಎರಡನೆಯ ಸಲ ಬಡಿಸಿಕೊಂಡು ತಿಂದೆ. ಸಂಜೆಯವರೆಗೆ ಮನೆಮಂದಿಯೆಲ್ಲ ಮಜ್ಜಿಗೆ ಕುಡಿದರು, ಎಲ್ಲರಿಗಿಂತ ಹೆಚ್ಚು ನಾನು. ಚಿಕ್ಕಪ್ಪ ಈಗಲೂ ಎಲೆಯ ಮುಂದೆ ಕೂರುವಾಗ, "ಇವತ್ತು ಲೆಕ್ಕವೋ, ಊಟವೋ?" ಎಂದು ಕೇಳಿಯೇ ಕೈ ತೊಳೆಯುತ್ತಾರೆ.

ಮರುದಿನವೇ ನಿನ್ನ ಕಾಗದ ಬಂತು. ಬಟ್ಟೆ ಒಣಹಾಕಿ ಬಂದು ಗೋಡೆಗೆ ಒರಗಿ ಬರೆದೆ ಎಂದಿದ್ದೀಯೆ. ಅಷ್ಟರಲ್ಲೇ ನನಗೆ ಹೊಳೆಯದ್ದು ನಿನಗೆ ಹೊಳೆದಿದೆ. ಆ ಬಫರಿನ ಹುಳಿಯಲ್ಲಿ ಆಕ್ಸಲೇಟಿನ ಇಪ್ಪತ್ತೊಂದು ಪಾಲಿನಲ್ಲಿ ಇಪ್ಪತ್ತು ಪಾಲು ಹೈಡ್ರೋಜನನ್ನು ಅಪ್ಪಿಕೊಂಡುಬಿಡುತ್ತದೆ. ಕ್ಯಾಲ್ಸಿಯಮ್ಮಿಗೆ ಎದುರಾಗಿ ಉಳಿಯುವುದು ಒಂದೇ ಪಾಲು. ಆದ್ದರಿಂದ ಲವಣ ಇನ್ನಷ್ಟು ಕರಗಲೇಬೇಕು: ಇಪ್ಪತ್ತೊಂದರ ವರ್ಗಮೂಲದಷ್ಟು, ಅಂದರೆ ನಾಲ್ಕೂವರೆ ಪಟ್ಟಿಗೂ ಮಿಗಿಲು. ಓದಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇಷ್ಟು ಅಂದವಾಗಿ ಸೋಲುವುದೂ ಒಂದು ಸುಖ ಕಣೆ!

ಆದರೂ ನಾನು ನಾನೇ. ನಿನ್ನ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ತಳ್ಳಿದ್ದೇನೆ. ನಾಲ್ಕೂವರೆ ಪಟ್ಟಾದರೂ ಲೀಟರಿಗೆ ಮೂವತ್ತು ಮಿಲಿಗ್ರಾಂ ಅಷ್ಟೇ. ಒಂದು ಪಾತ್ರೆ ಸೊಪ್ಪಿನ ಸೂಜಿಗಳೆಲ್ಲ ಅಷ್ಟರಲ್ಲಿ ಕರಗಿ ಮುಗಿಯುವಂತಿಲ್ಲ. ಹಾಗಾದರೆ ಹುಣಸೆ ಮತ್ತೇನನ್ನೋ ಮಾಡುತ್ತಿದೆ. ಏನದು? ನಮ್ಮ ಉಪನ್ಯಾಸಕರಿಗೂ ಗೊತ್ತಿರಲಾರದು. ಪ್ರಯೋಗಶಾಲೆಯಲ್ಲಿ ಸೊಪ್ಪು ಬೇಯಿಸಿ ಅಳೆದೇ ತಿಳಿಯಬೇಕು. ಅಳೆಯಲು ಇಬ್ಬರು ಬೇಕು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. "ಆ ಮಾಗ್ಡಿ ಸೊಸೆ ಬುದ್ದಿವಂತೆ ಕಣೇ," ಎಂದರು. "ನಿನ್ ಪಕ್ದಾಗೆ ಕೂರುಸ್ಕೋ. ಒಸಿ ನಿಂಗೂ ಅಂಟ್ಲಿ."

"ಓದುವುದು ಬೇಡವೆಂದು ಮನೆಯವರು ಹೇಳಿಲ್ಲ, ನಾನೇ ಕೇಳಿಲ್ಲ" ಎಂದು ಬರೆದಿದ್ದೀಯೆ. ಕೇಳು, ಮಂಗಳಾ. ನಿನ್ನ ಯಜಮಾನರು ಚನ್ನಲಿಂಗಪ್ಪನವರು ಮದುವೆಯಲ್ಲಿ ನನ್ನನ್ನು ತಾವಾಗಿಯೇ ಕರೆದು, "ಇವರು ಯಾವ ವಿಷಯದಲ್ಲಿ ಜೋರು?" ಎಂದು ವಿಚಾರಿಸಿದ್ದರು. ಅಂಥವರು ಕೇಳಿದ ಕೂಡಲೇ ಇಲ್ಲವೆನ್ನಲಾರರು. ಅರ್ಜಿಯನ್ನು ನಾನೇ ತುಂಬಿದ್ದೇನೆ. ಸಹಿಯ ಜಾಗ ಮಾತ್ರ ಖಾಲಿ.

ನಿನ್ನ ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರಗಳು. ಸಾವನದುರ್ಗದ ಕಡೆಯ ಗಾಳಿ ನಿನ್ನ ಅಂಗಳದಲ್ಲಿ ತಂಪಾಗಿ ಬೀಸಲಿ. ನಿನ್ನ ಮನೆ ತುಂಬಿರಲಿ, ನಿನ್ನ ತಲೆಯೂ ಹೀಗೆಯೇ ಚುರುಕಾಗಿರಲಿ ಎಂದು ಅಜ್ಜಿಯ ಆಶೀರ್ವಾದ.

ಇಂತು ನಿನ್ನ,
ಗಿರಿಜಾಂಬ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಕಾಗದದ ಕಡೆಯ ಸಾಲಿನಲ್ಲಿ, ನೀನು ನನ್ನ ಹತ್ತಿರ ಬಿಟ್ಟುಹೋದ ರಸಾಯನಶಾಸ್ತ್ರದ ನಾಲ್ಕು ನೋಟುಪುಸ್ತಕಗಳನ್ನು ಇನ್ನು ಯಾರಿಗೂ ಬೇಡವೆಂದು ಬಚ್ಚಲೊಲೆಗೆ ಹಾಕಲು ಹೇಳಿದ್ದೀಯೆ. ಅಷ್ಟು ಅಚ್ಚುಕಟ್ಟಾದ ಅಕ್ಷರದಲ್ಲಿ ಆ ಸಾಲನ್ನು ಹೇಗೆ ಬರೆದೆಯೋ. ನಾಲ್ಕು ಸಲ ಓದಿದೆ.

ಹಾಕುವುದಿಲ್ಲ.