ಫ್ರಿಜ್ಜಿನಲ್ಲಿಟ್ಟ ರಕ್ತ

೧೪ನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಮುತ್ತುಗಳು,

ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ಮೇಜು ಅಲ್ಲಾಡುತ್ತಿದೆ, ನನಗೂ ವಯಸ್ಸಾಯಿತು. ಆರು ವರ್ಷದ ಮೇಲೆ ನಿನ್ನ ಕಾಗದ ಬಂತು, ಶನಿವಾರ. ಮೂಲೆ ಹರಿದಿತ್ತು, ಆದರೂ ಪೂರ್ತಿ ಓದಿದೆ.

ಅಪ್ಪನಿಗೆ ಹೊಸ ಔಷಧಿ ಸಿಗದ ಹಾಗೆ ನಾನೇ ಬೇಕೆಂದು ಅವರ ರಕ್ತ ಕೆಡಿಸಿದೆನಾ ಎಂದು ಕೇಳಿದ್ದೀಯ. ಹೌದು ಎಂದು ಒಂದೇ ಮಾತು ಬರೆದರೆ ಮರುದಿನವೇ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗುತ್ತೀಯಂತೆ. ಚಿಕ್ಕಮ್ಮನಿಗೆ ಫೋನಿನಲ್ಲಿ ಬಾಯಿ ಜಾರಿ ಹೇಳಿದ್ದು ನಾನೇ. ಅವಳ ಹೊಟ್ಟೆಯಲ್ಲಿ ಮಾತು ನಿಂತದ್ದು ಯಾವತ್ತು?

ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ, ಕಂದ. ಪೂರ್ತಿ ಓದು, ಆಮೇಲೆ ತೀರ್ಮಾನ ಮಾಡು.

ನನ್ನ ಕೆಲಸ ನಿನಗೆ ಗೊತ್ತು. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೋಶಗಳನ್ನು ಎಣಿಸಿದ್ದೇನೆ. ಅಲ್ಲಿ ಎಲ್ಲರಿಗೂ ನಾನು ಎಣಿಕೆಯಮ್ಮ. ರೋಗಿಯ ರಕ್ತದಿಂದ, ರೋಗದ ಜೊತೆ ಹೋರಾಡುವ ಟಿ ಕೋಶಗಳನ್ನು ತೆಗೆದು, ಅವರದೇ ಕ್ಯಾನ್ಸರ್ ಗಡ್ಡೆಯ ಕೋಶಗಳ ಜೊತೆ ಒಂದು ತಟ್ಟೆಗೆ ಬಿಡುತ್ತೇವೆ. ಆರೋಗ್ಯವಾಗಿರುವ ಟಿ ಕೋಶ ಕೊಲೆಗಡುಕ. ಗಡ್ಡೆಯ ಕೋಶಕ್ಕೆ ಅಂಟಿಕೊಂಡು, ಅದರ ಮೈಗೆ ತೂತು ಕೊರೆದು, ಒಳಗೆ ವಿಷ ಸುರಿಯುತ್ತದೆ. ಗಡ್ಡೆಯ ಕೋಶ ಒದ್ದಾಡಿ, ಉಬ್ಬಿ, ಒಡೆದು ಚೂರಾಗುತ್ತದೆ. ಕೊಂದದ್ದು ಅಲ್ಲಿಂದ ಮುಂದಿನದಕ್ಕೆ ಹೋಗುತ್ತದೆ. ಎಷ್ಟು ಸತ್ತವು ಎಂದು ನಾನು ಲೆಕ್ಕ ಇಡುತ್ತಿದ್ದೆ.

ಕೆಲವರ ಟಿ ಕೋಶಗಳು ಮಾತ್ರ ಗಡ್ಡೆಯ ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತವೆ. ಅವಕ್ಕೆ ಶತ್ರು ಯಾರು ಅಂತ ಗೊತ್ತಿಲ್ಲ ಅಂತಲ್ಲ, ಗೊತ್ತು, ಆದ್ರೆ ದಿನಾ ನೋಡೀ ನೋಡೀ ಕೈ ಸೋತುಹೋಗಿದೆ ಅಂತ ನಮ್ಮ ದೊಡ್ಡ ಡಾಕ್ಟರಮ್ಮ ಮೊದಲ ಸಲ ಹೇಳಿಕೊಟ್ಟ ದಿನ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಏಕೆಂದರೆ ನಿನಗೆ ಬೆಲ್ಟಿನ ಏಟು ಬಿದ್ದು ಆಗಿನ್ನೂ ಒಂದು ವಾರವಾಗಿತ್ತು.

ಆ ಸಂಜೆ ನಿನಗೆ ನೆನಪಿಲ್ಲದೆ ಇರುತ್ತದೆಯೇ? ಬಕಲ್ ನಿನ್ನ ಹುಬ್ಬು ಸೀಳಿತು. ನೀನು ಗೋಡೆಯ ಮೂಲೆಗೆ ಸರಿದೆ. ಅಪ್ಪ ಕೂದಲು ಹಿಡಿದು ಎಳೆದು ಮತ್ತೆ ಹೊಡೆದರು. ರಕ್ತ ಗೋಡೆಗೆ ಸಿಡಿಯಿತು. ನೀನು ಅಮ್ಮಾ ಎಂದು ಕೂಗಿದೆ. ನಾನು ಅಡುಗೆಮನೆಯ ಬಾಗಿಲಲ್ಲಿ, ಒದ್ದೆ ಸೌಟು ಹಿಡಿದು ನಿಂತಿದ್ದೆ. ನೋಡಿದೆ. ನನ್ನ ಮೈಮೇಲೆ ಅದೇ ಬೆಲ್ಟಿನ ಹದಿನೆಂಟು ವರ್ಷದ ಗುರುತುಗಳಿದ್ದವು. ಕೈ ಏಳಲಿಲ್ಲ. ನಿನಗೆ ಇದುವರೆಗೂ ಹೇಳದ ಮಾತು ಒಂದಿದೆ: ನಾನು ಏಟುಗಳನ್ನು ಎಣಿಸಿದೆ. ಹನ್ನೊಂದು. ಅಭ್ಯಾಸಬಲ, ಗುಬ್ಬಿ. ನಾಚಿಕೆಯಿಂದ ಸಾಯುವ ಹಾಗಾಗುತ್ತದೆ.

ಇನ್ನು ರಕ್ತದ ವಿಷಯ. ಅಪ್ಪನ ಗಡ್ಡೆ ಶ್ವಾಸಕೋಶದಲ್ಲಿ. ಸೋತ ಟಿ ಕೋಶಗಳನ್ನು ಎಬ್ಬಿಸುವ ಔಷಧಿಯೊಂದನ್ನು ನಮ್ಮಲ್ಲಿ ಪರೀಕ್ಷೆಗಾಗಿ ಕೊಡುತ್ತಿದ್ದಾರೆ. ಮೊದಲು ತಟ್ಟೆಯಲ್ಲಿ ಅದನ್ನು ಹಾಕಿ ನೋಡಬೇಕು. ಕೋಶ ಎದ್ದರೆ ಮಾತ್ರ ರೋಗಿಗೆ ಔಷಧಿ. ನಳಿಕೆಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೆ ಅವರು ರಕ್ತ ಕೊಟ್ಟು ಲ್ಯಾಬಿನ ಕಿಟಕಿಗೇ ಬಂದು, ನನ್ನದು ನಲವತ್ತೊಂದನೇ ನಂಬರು, ನೆಟ್ಟಗೆ ನೋಡು, ಇಲ್ಲಾಂದ್ರೆ ಮನೆಗೆ ಬಂದ ಮೇಲೆ ಇದೆ ನಿಂಗೆ ಎಂದು ಹೋದರು. ಹುಟ್ಟುಗುಣ ಸುಟ್ಟರೂ ಹೋಗದು.

ಆ ರಕ್ತವನ್ನು ಯಾವತ್ತೂ ಫ್ರಿಜ್ಜಿನಲ್ಲಿ ಇಡಬಾರದು. ಮೇಜಿನ ಮೇಲೇ ಇರಬೇಕು. ತಣ್ಣಗಾದರೆ ಟಿ ಕೋಶ ಮಂಕಾಗಿ ಕೆಲಸ ನಿಲ್ಲಿಸುತ್ತದೆ. ಹೊಸಬರೆಲ್ಲ ಮಾಡುವ ತಪ್ಪು ಇದು. ಇದೇನು ಹಾಲು ಅಂದುಕೊಂಡ್ರಾ ಎಂದು ಬೈಯುತ್ತಿದ್ದವಳು ನಾನೇ. ಆ ದಿನ ನಲವತ್ತೊಂದನ್ನು ನಾನೇ ಫ್ರಿಜ್ಜಿನಲ್ಲಿಟ್ಟು ಬಾಗಿಲು ಮುಚ್ಚಿದೆ. ಮರುದಿನ ತಟ್ಟೆಗೆ ಔಷಧಿ ಹಾಕಿದರೂ ಒಂದು ಕೋಶವೂ ಏಳಲಿಲ್ಲ. ಹಾಗೆಯೇ ಬರೆದು ಸಹಿ ಹಾಕಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಷ್ಟೇ ನನ್ನ ಲೆಕ್ಕ.

ಮೂರು ದಿನ ಅನ್ನ ಇಳಿಯಲಿಲ್ಲ. ಕನಿಕರ ಎಂದುಕೊಳ್ಳಬೇಡ, ಅವರ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಆದರೆ ಯೋಚಿಸಿದಷ್ಟೂ ಒಂದೇ ಕಾಣುತ್ತಿತ್ತು: ಆವತ್ತು ಬಾಗಿಲಲ್ಲಿ ನಿಂತು ನೋಡಿದೆ, ಈಗ ಬಾಗಿಲು ಮುಚ್ಚಿ ಕಾದೆ. ಎರಡು ಸಲವೂ ನಾನು ಕೈಯೆತ್ತಲಿಲ್ಲ. ಇದನ್ನು ನಿನಗಾಗಿ ಮಾಡಿದ್ದು ಎಂದು ಯಾವ ಬಾಯಲ್ಲಿ ಹೇಳಲಿ?

ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ನನ್ನ ವರದಿ ರದ್ದು ಮಾಡಿದರು. ಅಪ್ಪನಿಗೆ ರಕ್ತ ಕೆಟ್ಟಿತ್ತು ಎಂದಷ್ಟೇ ತಿಳಿಸಿ ಮತ್ತೆ ತೆಗೆಸಿದರು. ನನ್ನನ್ನು ಕೆಲಸದಿಂದ ತೆಗೆದರು, ನ್ಯಾಯವೇ. ಹೊಸ ರಕ್ತವನ್ನು ಬೇರೆಯವರು ನೋಡಿದರು. ಔಷಧಿ ಬಿದ್ದ ತಕ್ಷಣ ಕೋಶಗಳು ಎದ್ದು ಗಡ್ಡೆಯನ್ನು ಹರಿದು ತಿಂದವಂತೆ. ಹೋದ ತಿಂಗಳಿಂದ ಅಪ್ಪನಿಗೆ ಔಷಧಿ ನಡೆಯುತ್ತಿದೆ. ಗಡ್ಡೆ ಕುಗ್ಗುತ್ತಿದೆ, ತೋಳಿಗೆ ಬಲ ಬಂದಿದೆ. ಚಿಕ್ಕಮ್ಮ ನಿನಗೆ ಹೇಳಿದ್ದು ಹಳೆಯ ಸುದ್ದಿ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ, ಕೆಡಿಸಿದೆ, ಆಮೇಲೆ ನಾನೇ ಸರಿ ಮಾಡಿಸಿದೆ. ಇದಕ್ಕಾಗಿ ನೀನು ಬರದಿದ್ದರೆ ನಿನ್ನನ್ನು ದೂರುವುದಿಲ್ಲ. ಬಂದರೆ ಚಿಕ್ಕಮ್ಮನ ಮನೆಗೆ ಬಾ, ನಾನೀಗ ಅಲ್ಲಿದ್ದೇನೆ.

ನಿನ್ನ ಹುಬ್ಬಿನ ಗಾಯವನ್ನು ಒಮ್ಮೆಯೂ ಮುಟ್ಟಿ ನೋಡದ,
ಅಮ್ಮ

ತಾ.ಕ.: ಮೇಜು ಗಟ್ಟಿಯಾಗಿಯೇ ಇದೆ. ಇದನ್ನು ಎಡಗೈಯಲ್ಲಿ ಬರೆದಿದ್ದೇನೆ, ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಶನಿವಾರ ನಿನ್ನ ಕಾಗದವನ್ನು ಮೊದಲು ಒಡೆದು ಓದಿದ್ದು ಅಪ್ಪ. ರಕ್ತ ಕೆಡಿಸಿದ್ದು ಯಾರೆಂದು ಅವರಿಗೆ ಗೊತ್ತಾಯಿತು. ಬೆಲ್ಟ್ ಬಿಚ್ಚಿ ನನಗೆ ಎರಡು ಬಾರಿಸಿ, ನಿನ್ನ ವಿಳಾಸವಿದ್ದ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು, ಇನ್ನು ಅವಳ ಬಾಯಿ ಮುಚ್ಚಿಸ್ತೀನಿ ಎಂದು ಚಪ್ಪಲಿ ಮೆಟ್ಟಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಕೈಗೆ ಏನೂ ಸಿಗಲಿಲ್ಲ, ಕೈಯೇ ಇತ್ತು. ಅವರ ಮೂಗು ಮುರಿದಿದೆ, ಮೂರು ಹಲ್ಲು ಹೋಗಿವೆ, ಜೀವಕ್ಕೇನೂ ಅಪಾಯವಿಲ್ಲ. ಲಕೋಟೆ ನನ್ನ ಹತ್ತಿರ ಇದೆ. ಎಷ್ಟು ಸಲ ಹೊಡೆದಿರಿ ಎಂದು ಪೊಲೀಸರು ಕೇಳಿದರು. ಎಣಿಸಲಿಲ್ಲ ಎಂದೆ.