ಬಂಟ್ವಾಳದ ಬಾವಿಗೆ ಹೋದ ಚೊಂಬು

ಬೆಳ್ತಂಗಡಿ, 1964

ಮನೋರಮಕ್ಕನಿಗೆ ನಮಸ್ಕಾರ. ಇಂದು ಚತುರ್ದಶಿಯ ಉಪವಾಸ. ಬೆಳಿಗ್ಗೆ ವ್ಯಾನು ಗುಡಿಸಿ ಜಪ ಮುಗಿಸಿದೆ. ಮಗ ಸನತನ ಸರ್ವೆ ಕೆಲಸದ ಈ ವ್ಯಾನೇ ನಮಗೆ ಮನೆ. ನಿನ್ನೆ ಬಂಟ್ವಾಳದ ಬಾವಿಯಿಂದ ವ್ಯಾನಿನ ಟಾಂಕಿ ತುಂಬಿಸಿದೆವು. ಆದರೆ ಟಾಂಕಿಯ ಪಂಪಿನ ಸ್ವಿಚ್ಚು ಕೆಟ್ಟು ನಲ್ಲಿಯಲ್ಲಿ ಹನಿ ನೀರೂ ಬರಲಿಲ್ಲ. ಇಂದು ಇಲ್ಲಿ ಮೆಕ್ಯಾನಿಕ್ ಶೀನಪ್ಪ ಹೊಸ ಸ್ವಿಚ್ಚು ಹಾಕಿದ ಮೇಲೆ ಬಂತು. ಸೋಸಿದೆ. ನಮ್ಮ ಜೈನರ ನೇಮದಂತೆ ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಅವುಗಳ ಬಾವಿಗೇ ಬಿಡಬೇಕಲ್ಲ? ಚೊಂಬಿಗೆ ಇಳಿಸಿ ಬಂಟ್ವಾಳ ಬಸ್ಸಿನ ಕಂಡಕ್ಟರ್ ಶಂಭುವಿಗೆ ಕೊಟ್ಟೆ.

"ಅಮ್ಮಾ, ಇವಕ್ಕೆಲ್ಲ ಟಿಕೆಟ್ ಯಾರು ತೆಗೀತಾರೆ?" ಎಂದು ನಕ್ಕರೂ ಚೆಲ್ಲದೆ ಒಯ್ದು ಬಿಟ್ಟು ಬಂದ.

ಅವು ತಮ್ಮ ಬಾವಿ ಸೇರಿದವು. ನನಗೆ ಮೂಡುಬಿದಿರೆಯ ನಮ್ಮ ಬಾವಿಕಟ್ಟೆಯೇ ನೆನಪು. ಆರೋಗ್ಯ ಉಂಟು. ನಾಳೆ ಪಾರಣೆಗೆ ನಿಮ್ಮ ಕೈಯ ನೀರಿಲ್ಲ. ನಾನು ಮನೆಗೆ ಬರಲೇ? ಇಲ್ಲಿಯ ಅಂಚೆ ಕಚೇರಿಗೆ ಬರೆಯಿರಿ.

ಸನತಾ, ಕಾಗದವನ್ನು ಅಂಚೆ ಡಬ್ಬಿಗೆ ಹಾಕುವ ಮೊದಲು ನೀನಿದನ್ನು ಓದುತ್ತೀ ಎಂದು ಗೊತ್ತುಂಟು. ಉತ್ತರವನ್ನೂ ನೀನೇ ಹೋಗಿ ತಾ, ಮಗಾ.

ತಂಗಿ ಪುಷ್ಪಾವತಿ