ಎಳೆಯದೆ ಅಳೆಯುವುದು

ಮಾರ್ಚ್ 6, ಸಂಜೆ 6

ಕೆರೆಯ ಬಲೆಯಲ್ಲಿ ಐದು ನೀರುಹಾವು. ವಿಷ ಇಲ್ಲ, ಪೊಗರಿಗೇನೂ ಕಡಿಮೆ ಇಲ್ಲ. ಹಿಡಿದೆಳೆದು ಅಳೆಯುವ ಹಾಗಿಲ್ಲ, ಹಾವಿನ ಬೆನ್ನುಮೂಳೆ ಹೋಗುತ್ತೆ. ಪೆಟ್ಟಿಗೆಯ ಸ್ಪಂಜಿನ ಮೇಲೆ ಬಿಟ್ಟು, ಮೇಲಿಂದ ಪ್ಲಾಸ್ಟಿಕ್ ಶೀಟು ಒತ್ತಿ, ಮೈ ಬಾಗಿದ ಹಾಗೇ ಮಾರ್ಕರ್‌ನಲ್ಲಿ ಗೆರೆ ಎಳೆಯಬೇಕು. ಹಾವನ್ನು ಬಿಟ್ಟ ಮೇಲೆ ಗೆರೆಗೆ ದಾರ ಹಿಡಿದು ಅಳತೆ. ಒಂದೊಂದಕ್ಕೂ ಮೂರು ಸಲ.

ಹೆಂಡತಿ ಬದುಕಿದ್ದಾಗ ಒತ್ತುವುದು ಅವಳು, ಗೆರೆ ನನ್ನದು. ಈಗ ಎಡ ಮೊಣಕೈಯಲ್ಲಿ ಒತ್ತು, ಬಲಗೈಯಲ್ಲಿ ಗೆರೆ. ಒಂದೇ ಹಾವು — 61 ಸೆಂ.ಮೀ., 66, 58. ಥೂ.

ಮಾರ್ಚ್ 7

ಒಂದರ ಮೂತಿ ತರಚಿತು. ರಕ್ತ. ಮೇಡಂ ನೋಡಿಬಿಟ್ಟರು. ರಿಸರ್ಚು ಅವರದೇ.

"ಒಬ್ಬರೇ ಮಾಡೋ ಕೆಲಸ ಅಲ್ಲ ಇದು. ಶುಕ್ರವಾರದೊಳಗೆ ಅಳತೆ ಸರಿಬರದಿದ್ರೆ ಈ ಕೆರೆ ಕೈಬಿಡ್ತೀನಿ."

ಬಿಟ್ಟರೆ ಹೆಂಡತಿ ಇಷ್ಟು ವರ್ಷ ಮಾಡಿದ್ದೆಲ್ಲ ನೀರುಪಾಲು. ಜೊತೆಗೆ ಯಾರನ್ನಾದರೂ ಕರೆದುಕೊಳ್ಳಿ ಅಂದರು. ಬೇಡ ಅಂದೆ. ಯಾಕೆ ಅಂತ ಕೇಳಲಿಲ್ಲ, ಪುಣ್ಯ.

ಮಾರ್ಚ್ 9, ಮಧ್ಯಾಹ್ನ

ನಾದಿನಿ ಬೆಳಿಗ್ಗೆಯೇ ಬಂದಿದ್ದಾಳೆ. ಮೇಡಂ ಫೋನ್ ಮಾಡಿದ್ದರಂತೆ. ನನಗೆ ಒಂದು ಮಾತು ಹೇಳಲಿಲ್ಲ... ಶೀಟು ಅವಳ ಕೈಗೆ ಕೊಟ್ಟೆ.

"ಭಾವ, ಹಾವಿಗಿಂತ ನೀವೇ ಜಾಸ್ತಿ ಬುಸುಗುಡ್ತಿದೀರಿ."

ಹಾವು ಪೆಟ್ಟಿಗೆಗೆ ಬಿದ್ದದ್ದೇ "ಒತ್ತು" ಅಂದೆ. ಒತ್ತಲಿಲ್ಲ.

"ತಾಳಿ. ಇನ್ನೂ ಮೂಲೆ ಹುಡುಕ್ತಿದೆ, ಪಾಪ."

"ಬಿಸಿಲೇರುತ್ತೆ."

"ಏರ್ಲಿ ಬಿಡಿ. ಅಕ್ಕನ ಹತ್ರಾನೂ ಹೀಗೇ ಅವಸರ ಮಾಡ್ತಿದ್ರಾ?"

ಇಲ್ಲ. ಅವಳು "ಹೂಂ" ಅನ್ನುವ ತನಕ ಮಾರ್ಕರ್ ಹಿಡಿದು ಕೂತಿರುತ್ತಿದ್ದೆ. ಈಗ ಮುಗಿದರೆ ಸಾಕು ಅಂತ ಬಿದ್ದ ತಕ್ಷಣ ಒತ್ತುವುದು. ಅದು ಒದ್ದಾಡಿ ಜಗ್ಗುವುದು. ನಾನು ಅದಕ್ಕೆ ಬೈಯುವುದು.

ಕಾದೆವು. ಸುಸ್ತಾಗಿ ಸುತ್ತಿಕೊಂಡಿತು. ಮೆಲ್ಲಗೆ ಒತ್ತಿದಳು. 63. 63. 64.

ಖುಷಿ ಆಗಬೇಕಿತ್ತು. ಇನ್ನೂ ಸಿಟ್ಟು — ಯಾರ ಮೇಲೆ ಅಂತ ಗೊತ್ತಿಲ್ಲ.

ಮಾರ್ಚ್ 10, ಶುಕ್ರವಾರ, ಸಂಜೆ 7

ಮೇಡಂ ಎಲ್ಲ ಅಳತೆ ನೋಡಿ, ಸರಿ, ಮುಂದುವರಿಸಿ ಅಂದರು. ಆಮೇಲೆ, "ಇನ್ಮೇಲೆ ಒತ್ತೋರು ಯಾರು?"

ನಾದಿನಿ ಪೆಟ್ಟಿಗೆ ತೊಳೆಯುತ್ತಿದ್ದಳು. ಕೆರೆ ಕಡೆ ನೋಡುತ್ತಾ ನಾನೇ ಹೇಳಿದೆ — ಇವಳು.

ನಾಳೆ ಆರಕ್ಕೆ ಬಲೆ ತೆಗೆಯಬೇಕು. ಇಬ್ಬರೂ.